ಕಾವೇರಿಯ ಮಹಶೀರ್: ಗಾಳದವರ ಪುಸ್ತಕ ಹೇಳಿದ ಲೆಕ್ಕ

ಗಾಳ ಹಾಕುವುದೆಂದರೆ ಕೆಲಸವಿಲ್ಲದವರು ಹೊತ್ತು ಕಳೆಯುವ ಉಪಾಯ ಎಂದು ನಿಮ್ಮಲ್ಲಿ ಹಲವರು ತಿಳಿದಿರಬಹುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹಾಗೆ ತಿಳಿದಿರಲಿಲ್ಲ. ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟ. ಇದೇ ವಿನೋದ ನಮ್ಮ ಕಾಲದಲ್ಲಿ ಕಾವೇರಿಯ ಒಂದು ಮೀನು ಅಳಿಯುತ್ತಿರುವುದನ್ನು ಅಂಕಿಗಳಲ್ಲಿ ತೋರಿಸಿಕೊಟ್ಟಿತು. ಅದು ಹೇಗೆ ಎಂಬುದನ್ನು ನೋಡೋಣ.

ಕಾವೇರಿ ವನ್ಯಜೀವಿಧಾಮದ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಹಿಂದೆ ಗಾಳದ ಶಿಬಿರಗಳಿದ್ದವು. ದೇಶವಿದೇಶಗಳಿಂದ ಜನ ಬರುತ್ತಿದ್ದುದು ಮಹಶೀರ್ ಮೀನಿಗಾಗಿ. ಶೃಂಗೇರಿಯ ತುಂಗೆಯಲ್ಲಿ ನೀವು ಮಂಡಕ್ಕಿ ಎಸೆದು ನೋಡಿರುವ ದೇವರ ಮೀನುಗಳೂ ಈ ಬಳಗದವೇ. ಆದರೆ ಕಾವೇರಿಯ ಬೆನ್ನುಡುಬ್ಬಿನ ಮಹಶೀರಿನ ಗಾತ್ರ ಬೇರೆಯೇ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡು ತೂಗಿತು, ಅಂದರೆ ಸುಮಾರು 54 ಕಿಲೋಗ್ರಾಂ. ಕಾಲೇಜು ವಿದ್ಯಾರ್ಥಿಯೊಬ್ಬನ ತೂಕ!

ಶಿಬಿರಗಳಿದ್ದ ಕಾಲದ ಬೇಸಿಗೆಯ ಒಂದು ದಿನವನ್ನು ಊಹಿಸಿಕೊಳ್ಳಿ. ಬೆಳಕು ಹರಿಯುವ ಹೊತ್ತಿಗೆ ಹರಿಗೋಲು ನೀರಿಗಿಳಿಯುತ್ತದೆ. ದುಂಡಗಿನ ಬಿದಿರು ಬುಟ್ಟಿಯಂಥ ಈ ದೋಣಿಯ ತಳ ಚಪ್ಪಟೆ. ಮೊಳಕಾಲುದ್ದ ನೀರಿನಲ್ಲೂ ತೇಲುತ್ತದೆ, ಸದ್ದು ಮಾಡುವುದಿಲ್ಲ. ಅಮೆರಿಕದ ಹೊಳೆಗಳಲ್ಲಿ ಬಾಸ್ ಮೀನು ಹಿಡಿಯುವವರು ಕಯಾಕ್ ಎಂಬ ಕಿರುದೋಣಿಯನ್ನು ಬಳಸುವುದೂ ಇದೇ ಕಾರಣಕ್ಕೆ. ಗಾಳಕ್ಕೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಮುದ್ದೆ ಮನುಷ್ಯರಿಗಷ್ಟೇ ಪ್ರಿಯವಲ್ಲ.

“ಆ ಬಂಡೆಯ ಕೆಳಗಡೆ ಹಾಕಿ ಸಾರ್” ಎನ್ನುತ್ತಾನೆ ಹರಿಗೋಲಿನವನು. ಅಲ್ಲಿಗೇ ಏಕೆ? ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ಮೀನನ್ನು ತಳ್ಳುವ ಬಲ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಬಂಡೆಯ ಮರೆಯಲ್ಲಿ ನೀರು ನಿಧಾನ. ಮೀನು ಅಲ್ಲಿ ನಿಂತು, ಪಕ್ಕದ ಸೆಳವಿನಲ್ಲಿ ತೇಲಿಬರುವ ಹಣ್ಣು, ಹುಳುಗಳನ್ನು ಹಿಡಿಯುತ್ತದೆ. ಏಡಿ, ಶಂಖದ ಹುಳು ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಅದರ ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನಲ್ಲಿವೆ, ಚಿಪ್ಪನ್ನೂ ಪುಡಿಮಾಡುತ್ತವೆ.

ಗಾಳ ಕಚ್ಚಿದ ದೊಡ್ಡ ಮೀನು ಓಡಿದತ್ತ ಹರಿಗೋಲೂ ಹೋಗಬೇಕು. ಸೆಣಸಿ ದಣಿದ ಮೀನಿನ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿರುತ್ತದೆ, ಓಡಿ ಬಂದ ನಿಮ್ಮ ಕಾಲಿನ ಸ್ನಾಯುಗಳಲ್ಲಿ ಸೇರುವ ಹಾಗೆ. ಆದ್ದರಿಂದ ತೂಕ ನೋಡಿದ ಮೇಲೆ ಅದನ್ನು ಹರಿವಿಗೆದುರಾಗಿ ಹಿಡಿದು, ಕಿವಿರುಗಳಲ್ಲಿ ನೀರಾಡಿ ಚೇತರಿಸಿಕೊಂಡ ಬಳಿಕವೇ ಬಿಡುತ್ತಿದ್ದರು. ಕೊಲ್ಲುವಂತಿರಲಿಲ್ಲ. ಅನಂತರ ಶಿಬಿರದ ಪುಸ್ತಕದಲ್ಲಿ ಒಂದು ಸಾಲು: ಎಷ್ಟು ಗಂಟೆ ಗಾಳ ಹಾಕಿದ್ದು, ಯಾವ ಮೀನು, ಎಷ್ಟು ತೂಕ.

ದೂರದರ್ಶನದ ನಮಗೆ ಬೇಕಾದದ್ದು ಮೀನು ನೀರು ಸಿಡಿಸುವ ದೃಶ್ಯ. ವಿಜ್ಞಾನಕ್ಕೆ ಬೇಕಾದದ್ದು ಆ ಸಾಲು. ತೆರೆಯ ಮೇಲೆ ಅದು ಏನೇನೂ ಚೆನ್ನಾಗಿ ಕಾಣುವುದಿಲ್ಲ!

ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಕೂಡಿಸಿ ನೋಡಿದರು. 23,620 ಗಂಟೆಗಳ ಗಾಳ, 6,161 ಮಹಶೀರ್. ‘ಇವತ್ತು ಐದು ಮೀನು ಸಿಕ್ಕಿತು’ ಎಂದರೆ ಏನೂ ತಿಳಿಯುವುದಿಲ್ಲ. ಎಷ್ಟು ಗಂಟೆಗೆ ಐದು ಎಂದು ಕೇಳಬೇಕು. ಒಂದೂ ಸಿಗದ ಗಂಟೆಗಳೂ ಲೆಕ್ಕಕ್ಕೆ ಬರಬೇಕು. ಹೀಗೆ ಲೆಕ್ಕ ಹಾಕಿದಾಗ ಒಟ್ಟು ಮಹಶೀರ್‌ಗಳ ಸಂಖ್ಯೆ ಏರುತ್ತಿತ್ತು. ಸಂತೋಷದ ಸುದ್ದಿ ಎನಿಸುತ್ತದೆ, ಅಲ್ಲವೆ? ಆದರೆ ಪುಸ್ತಕದಲ್ಲಿ ಇದ್ದದ್ದು ಎರಡು ಬಗೆಯ ಮೀನು. ಏರುತ್ತಿದ್ದುದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ ಬೆನ್ನುಡುಬ್ಬಿನದು ಇಳಿಯುತ್ತಿತ್ತು. ಅದರ ಸರಾಸರಿ ತೂಕ ಮಾತ್ರ ಹೆಚ್ಚುತ್ತಿತ್ತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಒಂದು ಊರಿನವರ ಸರಾಸರಿ ವಯಸ್ಸು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅಲ್ಲಿ ಮಕ್ಕಳು ಹುಟ್ಟುತ್ತಿಲ್ಲವೆಂದೇ ಅರ್ಥ ಇರಬಹುದು. ಇಲ್ಲಿಯೂ ಹಾಗೆಯೇ: ಮರಿಗಳು ಬೆಳೆದು ಬರುತ್ತಿರಲಿಲ್ಲ, ಮುದಿ ಮೀನುಗಳಷ್ಟೇ ಉಳಿದಿದ್ದವು.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಮಹಾರಾಷ್ಟ್ರದ ಲೋಣಾವಳದ ಮರಿ ಕೇಂದ್ರದಲ್ಲಿ 1970ರ ದಶಕದಿಂದ ಈ ಮೀನನ್ನು ಬೆಳೆಸಿ ದೇಶದ ಹಲವು ನೀರುಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಮಹಶೀರ್ ಉಳಿಸುವುದೇ ಉದ್ದೇಶ. ಅಣೆಕಟ್ಟು, ಮಾಲಿನ್ಯ, ಸಿಡಿಮದ್ದಿನ ಬೇಟೆಗಳಿಂದ ಆಗಲೇ ಬಳಲಿದ್ದ ಸ್ಥಳೀಯ ಮೀನಿಗೆ ಹೊಸ ನೆಂಟನೂ ಹೊರೆಯಾದ ಎಂಬುದು ಸಂಶೋಧಕರ ಶಂಕೆ.

ಇನ್ನೊಂದು ವಿಚಿತ್ರವಿದೆ. ಇಷ್ಟು ಪ್ರಸಿದ್ಧವಾದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಎಂಬ ಕಾವೇರಿಯ ಉಪನದಿಯಿಂದ 2007ರಲ್ಲಿ ವರ್ಣಿಸಿದ್ದ ‘ಟಾರ್ ರೆಮದೇವಿ’ಯೇ ಇದು ಎಂದು 2018ರಲ್ಲಿ ಡಿಎನ್‌ಎ ಹೋಲಿಕೆಯಿಂದ ತಿಳಿಯಿತು. ಹೆಸರಿಲ್ಲದ ಜೀವಿಯನ್ನು ಅಳಿವಿನ ಪಟ್ಟಿಗೆ ಸೇರಿಸುವುದು ಹೇಗೆ? ಹೆಸರು ಸಿಕ್ಕ ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯದಲ್ಲಿದೆ’ ಎಂದು ನಮೂದಾಯಿತು.

ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ನಿಂತಿದೆ. ನಿಲ್ಲಿಸಿದ್ದು ಸರಿಯೆ ಎಂಬ ವಾದ ಇನ್ನೂ ಮುಗಿದಿಲ್ಲ: ಆಟಕ್ಕಾಗಿ ಮೀನನ್ನು ನೋಯಿಸಬಾರದು ಎನ್ನುವವರಿದ್ದಾರೆ, ಗಾಳದವರು ನದಿಯಲ್ಲಿದ್ದಾಗ ಸಿಡಿಮದ್ದಿನವರು ಹತ್ತಿರ ಸುಳಿಯುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ಹುರುಳಿದೆ. ಗಾಳಿಬೋರೆಯಲ್ಲಿ ಗಾಳದೊಂದಿಗೆ ಆ ಪುಸ್ತಕವೂ ನಿಂತಿತು.