ಗಾಳಿಯೂ ಹಿಮವೂ

ಭೂಮಿಯ ಉಷ್ಣತೆ ಏರುತ್ತಿದೆಯೆಂದು ಕೇಳಿದವರು, ಒಲೆಯ ಮೇಲಿಟ್ಟ ಹಂಡೆಯ ನೀರಿನಂತೆ ಅದು ಎಲ್ಲೆಡೆಯೂ ಒಂದೇ ಸಮನಾಗಿ ಕಾಯುತ್ತಿರಬಹುದೆಂದು ಭಾವಿಸುವುದುಂಟು. ವಾಸ್ತವಾಂಶ ಹಾಗಿಲ್ಲ. ಒಂದು ಕಡೆ ಏರಿಕೆ ಅಧಿಕ, ಇನ್ನೊಂದು ಕಡೆ ಅಲ್ಪ. ಈ ತಾರತಮ್ಯದ ಮುಖ್ಯ ಕಾರಣಗಳಲ್ಲಿ ಗಾಳಿಯೂ ಒಂದು. ಇದಕ್ಕೆ ಅಂಟಾರ್ಕ್ಟಿಕ ಪರ್ಯಾಯದ್ವೀಪವು ಉತ್ತಮ ನಿದರ್ಶನ.

ದಕ್ಷಿಣ ಧ್ರುವಖಂಡದಿಂದ ದಕ್ಷಿಣ ಅಮೆರಿಕದ ತುದಿಯ ಕಡೆಗೆ ತೋಳಿನಂತೆ ಚಾಚಿರುವ ನೆಲವೇ ಈ ಪರ್ಯಾಯದ್ವೀಪ. ಇದರ ಉದ್ದಕ್ಕೂ ಬೆನ್ನೆಲುಬಿನಂತೆ ಪರ್ವತಶ್ರೇಣಿಯೊಂದಿದೆ. 1950ರಿಂದ 2000ದವರೆಗಿನ ಅರ್ಧ ಶತಮಾನದಲ್ಲಿ ಇದರ ಪಶ್ಚಿಮ ತೀರದ ಸರಾಸರಿ ಉಷ್ಣತೆ ಸುಮಾರು 2.5 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿತು. ಖಂಡದ ಪೂರ್ವಭಾಗದ ವಿಶಾಲವಾದ ಹಿಮಪ್ರಸ್ಥಭೂಮಿಯಲ್ಲಾದರೋ ಹೇಳಿಕೊಳ್ಳುವಂತಹ ಏರಿಕೆ ಕಾಣಲಿಲ್ಲ. ಒಂದೇ ಖಂಡದಲ್ಲಿ ಇಷ್ಟು ಅಂತರವೇಕೆ?

ಖಂಡದ ಸುತ್ತಲಿನ ಸಾಗರದ ಮೇಲೆ ಪಡುವಣ ಗಾಳಿಯು ನೆಲದ ತಡೆಯಿಲ್ಲದೆ ಬಳಸಿ ಬೀಸುವುದು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಗಾಳಿ ಪ್ರಬಲವಾಗಿ ಧ್ರುವದ ಕಡೆಗೆ ಸರಿಯಿತು. ಶೈತ್ಯಯಂತ್ರಗಳಲ್ಲಿ ಬಳಸುತ್ತಿದ್ದ ಕ್ಲೋರಿನ್ ಸಂಯುಕ್ತಗಳು ಮೇಲಣ ವಾಯುಮಂಡಲದ ಓಜೋನನ್ನು ಕ್ಷಯಗೊಳಿಸಿ ಅಲ್ಲಿ ಶೈತ್ಯವನ್ನು ಹೆಚ್ಚಿಸಿದುದು ಇದಕ್ಕೆ ಒಂದು ಕಾರಣ. ಕಲ್ಲಿದ್ದಲು ಎಣ್ಣೆಗಳ ದಹನದಿಂದ ಹೆಚ್ಚಿದ ಇಂಗಾಲಾಮ್ಲವಾಯು ಇನ್ನೊಂದು. ಪ್ರಬಲವಾದ ಗಾಳಿಯು ಬೇಲಿಯಂತೆ ಖಂಡದ ಒಳಭಾಗದ ಚಳಿಯನ್ನು ಒಳಗೇ ತಡೆಹಿಡಿಯಿತು. ಬೇಲಿಯಿಂದ ಹೊರಕ್ಕೆ ಚಾಚಿದ್ದ ಪರ್ಯಾಯದ್ವೀಪಕ್ಕಾದರೋ ಸಾಗರದ ಬೆಚ್ಚನೆಯ ಗಾಳಿ ಎದುರಾಗಿ ಬಂದೊದಗಿತು.

ಈ ಗಾಳಿ ಪರ್ವತವನ್ನೇರುವಾಗ ತನ್ನ ತೇವವನ್ನು ಹಿಮವಾಗಿ ಸುರಿಸಿ, ಆಚೆ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ. ಸಾವಿರ ಮೀಟರು ಇಳಿದರೆ ಒಣಗಾಳಿಯ ಉಷ್ಣತೆ ಸುಮಾರು 10 ಡಿಗ್ರಿ ಏರುವುದು. ನಮ್ಮ ಘಟ್ಟಗಳ ಪಡುವಣ ಮಗ್ಗುಲಲ್ಲಿ ಮಳೆ ಸುರಿದು ಮೂಡಣ ಬಯಲು ಒಣಗಿರುವುದೂ ಇದೇ ನಿಯಮದಿಂದ. 2002ರಲ್ಲಿ ಪೂರ್ವ ಮಗ್ಗುಲಿನ ‘ಲಾರ್ಸೆನ್ ಬಿ’ ಎಂಬ ತೇಲುಹಿಮದ ಹಾಸು, ಸುಮಾರು 3,250 ಚದರ ಕಿಲೋಮೀಟರುಗಳಷ್ಟು, ಕೆಲವೇ ವಾರಗಳಲ್ಲಿ ನುಚ್ಚುನೂರಾಯಿತು. ತೇಲುತ್ತಿದ್ದ ಹಿಮ ಒಡೆದುದರಿಂದ ಸಮುದ್ರದ ಮಟ್ಟ ಹೆಚ್ಚೇನೂ ಏರದು. ಆದರೆ ಹಿಂದೆ ತಡೆದು ನಿಂತಿದ್ದ ಹಿಮನದಿಗಳು ವೇಗವಾಗಿ ಕಡಲಿಗಿಳಿಯತೊಡಗಿದುವು. ಮಟ್ಟವನ್ನು ಏರಿಸುವುದು ಆ ನೆಲದ ಹಿಮವೇ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. 1990ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷಗಳ ಕಾಲ ಇದೇ ಪರ್ಯಾಯದ್ವೀಪ ತುಸು ತಣ್ಣಗಾಯಿತು. ತಾಪವೃದ್ಧಿಯ ಮಾತೇ ಸುಳ್ಳೆಂದು ಇದರಿಂದ ತೀರ್ಮಾನಿಸಬಹುದೆ? ಸಲ್ಲದು. ಮೂಡಣ ಮತ್ತು ಆಗ್ನೇಯ ದಿಕ್ಕಿನ ಶೀತಗಾಳಿ ಆಗ ಹೆಚ್ಚಾಗಿ ಬೀಸಿ ಕಡಲ ಹಿಮವನ್ನು ತೀರಕ್ಕೆ ಒತ್ತರಿಸಿತ್ತು, ಅಷ್ಟೆ. ಗಾಳಿ ಮತ್ತೆ ತಿರುಗಿತು. 2020ರ ಫೆಬ್ರವರಿ 6ರಂದು ಅಲ್ಲಿನ ಎಸ್ಪೆರಾನ್ಸ ಠಾಣ್ಯದಲ್ಲಿ 18.3 ಡಿಗ್ರಿ ದಾಖಲಾಯಿತು.

ಗಾಳಿಯು ಶಾಖವನ್ನು ಹಂಚುವುದೇ ಹೊರತು ಒಟ್ಟು ಮೊತ್ತವನ್ನು ತಗ್ಗಿಸದು. ಒಂದು ಊರಿನ ಉಷ್ಣಮಾಪಕವನ್ನು ನೋಡಿ ಜಗತ್ತಿನ ಆರೋಗ್ಯವನ್ನು ನಿರ್ಣಯಿಸುವವನು ಹಂಚುವವನ ಕೈಯನ್ನು ಮಾತ್ರ ನೋಡಿ ಕಣಜವನ್ನು ಮರೆತಂತೆ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಓಜೋನಿನ ಗಾಯ ಮೆಲ್ಲಮೆಲ್ಲನೆ ಮಾಯುತ್ತಿದೆ. ಇಂಗಾಲಾಮ್ಲವಾಯುವಿನ ವಿಷಯದಲ್ಲಿಯೂ ಅಂತಹ ವಿವೇಕ ಮೂಡಿದಲ್ಲಿ ಮಾತ್ರ, ಗಾಳಿ ಎತ್ತ ತಿರುಗಿದರೂ, ಹಿಮಕ್ಕೂ ಕಡಲತೀರದ ಜನಕ್ಕೂ ಕ್ಷೇಮವುಂಟು.