ಹಗುರ ಕಾರಿನ ಕನಸು: ಕೊಳ್ಳುವ ಮೊದಲು ಕೇಳಬೇಕಾದ್ದು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಟರೆ ತೊರವಿ, ತಿಕೋಟಾ ದಾಟುವಷ್ಟರಲ್ಲಿ ಎದುರಾಗುವ ವಾಹನಗಳು ಒಂದೆರಡಲ್ಲ. ಕಬ್ಬಿನ ಟ್ರ್ಯಾಕ್ಟರು, ದ್ರಾಕ್ಷಿ ಹೊತ್ತ ಟೆಂಪೊ, ಟಂಟಂ, ಬಸ್ಸು... ಈ ಸಾಲಿನಲ್ಲಿ ಮಾಡಿಲ್ಲದ, ಉದ್ದ ಮೂತಿಯ, ಇಬ್ಬರಷ್ಟೇ ಕೂರಬಹುದಾದ, ನೆಲಕ್ಕೆ ಅಂಟಿದಂತಿರುವ ಕಾರೊಂದು ಬಂದರೆ ಹೇಗಿದ್ದೀತು? ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಇಂಥ ‘ಕಿಟ್ ಕಾರು’ ಮೆಕ್ಯಾನಿಕಲ್ ಓದುವ ಅನೇಕ ವಿದ್ಯಾರ್ಥಿಗಳ ಕನಸು. ಯಾವ ಕಂಪನಿಯದು ಒಳ್ಳೆಯದು ಎಂಬುದು ಮಕ್ಕಳ ಪ್ರಶ್ನೆ. ಇಷ್ಟು ದುಡ್ಡು ಸುರಿದು ಸಿಗುವುದೇನು ಎಂಬುದು ಪಾಲಕರ ಪ್ರಶ್ನೆ. ಎರಡೂ ನ್ಯಾಯವಾದವೇ.

ಎಲ್ಲಕ್ಕೂ ಮೂಲ ಒಂದೇ

ಈ ಮಾದರಿಯ ಕಾರುಗಳ ಮೂಲಪುರುಷ ಇಂಗ್ಲೆಂಡಿನ ‘ಲೋಟಸ್ ಸೆವೆನ್’. ಕಾಲಿನ್ ಚಾಪ್ಮನ್ ರೂಪಿಸಿದ ಈ ಕಾರು 1957ರಲ್ಲಿ ಬೆಳಕು ಕಂಡಿತು. ಉಕ್ಕಿನ ಕೊಳವೆಗಳನ್ನು ಬೆಸೆದ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ಹಾಳೆ. ಅನಗತ್ಯವಾದುದು ಏನೂ ಇಲ್ಲ. ಆಗ ಬ್ರಿಟನ್ನಿನಲ್ಲಿ ಸಿದ್ಧ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. ಹೀಗಾಗಿ ಮನೆಯಲ್ಲೇ ಜೋಡಿಸಿಕೊಂಡವರಿಗೆ ದುಡ್ಡು ಉಳಿಯಿತು, ಕೈಗೆ ವಿದ್ಯೆಯೂ ದಕ್ಕಿತು.

ಹಗುರವಾದರೆ ಏನು ಲಾಭ? ಸೈಕಲ್ ಪಟುಗಳ ಜಿಲ್ಲೆಯೆಂದು ಹೆಸರಾದ ವಿಜಯಪುರದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲಿನ ಬಲ ಅಷ್ಟೇ ಇದ್ದರೂ ಸೈಕಲ್ಲಿನ ತೂಕ ಇಳಿದರೆ ದಿಬ್ಬ ಹತ್ತುವುದು ಸಲೀಸು. ಕಾರಿಗೂ ಅದೇ ಲೆಕ್ಕ. ಸುಮಾರು 650 ಕೆ.ಜಿ. ತೂಗುತ್ತಿದ್ದ ಮಾರುತಿ 800ರ ಎಂಜಿನ್ ಶಕ್ತಿ ಸುಮಾರು 37 ಅಶ್ವಶಕ್ತಿ. ಒಂದೊಂದು ಅಶ್ವಶಕ್ತಿಯ ಮೇಲೆ 17 ಕೆ.ಜಿ.ಗೂ ಹೆಚ್ಚಿನ ಹೊರೆ. 2021ರಲ್ಲಿ ಬಂದ ‘ಕೇಟರ್‌ಹ್ಯಾಮ್ ಸೆವೆನ್ 170’ರಲ್ಲಿ ಇರುವುದು ಮಾರುತಿಯ ಎಂಜಿನ್ನಿಗಿಂತಲೂ ಚಿಕ್ಕದಾದ, ಟರ್ಬೊ ಜೋಡಿಸಿದ 660 ಸಿ.ಸಿ.ಯ ಸುಜುಕಿ ಎಂಜಿನ್. ಅದರ ಶಕ್ತಿ 84 ಅಶ್ವಶಕ್ತಿ, ಕಾರಿನ ತೂಕ 440 ಕೆ.ಜಿ. ಅಶ್ವಶಕ್ತಿಯೊಂದಕ್ಕೆ ಹೊರೆ ಐದೂಕಾಲು ಕೆ.ಜಿ. ಮಾತ್ರ! ಬ್ರೇಕು ಹಿಡಿಯುವಾಗ, ತಿರುವಿನಲ್ಲಿ ಹೊರಳುವಾಗಲೂ ಈ ಹಗುರತನವೇ ನೆರವಿಗೆ ಬರುತ್ತದೆ.

ಕಂಪನಿಗಳ ನಡುವಿನ ವ್ಯತ್ಯಾಸ

ಲೋಟಸ್ ಈ ಕಾರನ್ನು ಕೈಬಿಟ್ಟಾಗ, 1973ರಲ್ಲಿ, ತಯಾರಿಕೆಯ ಹಕ್ಕನ್ನು ಪಡೆದದ್ದು ಕೇಟರ್‌ಹ್ಯಾಮ್. ಮೂಲರೂಪಕ್ಕೆ ಅತಿ ಹತ್ತಿರದ ಕಾರು ಇದರದೇ. ಆದರೆ ಒಳಗೆ ಜಾಗ ಇಕ್ಕಟ್ಟು. ಎತ್ತರದ, ದಪ್ಪ ಮೈಯವರಿಗಾಗಿ ಕಂಪನಿ ಅಗಲ ಚೌಕಟ್ಟಿನ ಇನ್ನೊಂದು ಮಾದರಿಯನ್ನೂ ಮಾಡಬೇಕಾಯಿತು.

1980ರ ದಶಕದಲ್ಲಿ ಹುಟ್ಟಿದ ವೆಸ್ಟ್‌ಫೀಲ್ಡ್ ಇದೇ ಬಗೆಯ ಕಾರನ್ನು ತಂದಾಗ ಕೇಟರ್‌ಹ್ಯಾಮ್ ಕಾನೂನಿನ ಮೊರೆ ಹೋಯಿತು. ರಾಜಿಯಾದ ಮೇಲೆ ವೆಸ್ಟ್‌ಫೀಲ್ಡ್ ತನ್ನ ವಿನ್ಯಾಸ ಬದಲಿಸಿ ಫೈಬರ್ ಮೈಕಟ್ಟಿನ ಹಾದಿ ಹಿಡಿಯಿತು. ಆದರೆ 2022ರಲ್ಲಿ ಕಂಪನಿ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಅರ್ಧ ಜೋಡಿಸಿದ ಕಾರು ಮನೆಯಲ್ಲಿದ್ದಾಗ ತಯಾರಕರೇ ಕೈಚೆಲ್ಲಿದರೆ ಗತಿಯೇನು? ಕಿಟ್ ಕೊಳ್ಳುವವರು ಕಾರಿನ ವೇಗದಷ್ಟೇ ಕಂಪನಿಯ ಆರೋಗ್ಯವನ್ನೂ ವಿಚಾರಿಸಬೇಕು.

ನೆದರ್ಲೆಂಡ್ಸ್‌ನ ಡಾಂಕರ್‌ವೂರ್ಟ್ 1978ರಲ್ಲಿ ಇದೇ ಮಾದರಿಯಿಂದ ಆರಂಭಿಸಿ ದುಬಾರಿ ಕಾರುಗಳತ್ತ ಸಾಗಿತು. ಇದಕ್ಕೆ ತದ್ವಿರುದ್ಧ ದಾರಿ ರಾನ್ ಚಾಂಪಿಯನ್ ಎಂಬ ಇಂಗ್ಲಿಷ್ ಶಿಕ್ಷಕರದು. ಕೇವಲ 250 ಪೌಂಡಿನಲ್ಲಿ ಕಾರು ಕಟ್ಟುವ ಬಗೆಯನ್ನು ಅವರು 1996ರಲ್ಲಿ ಪುಸ್ತಕವಾಗಿ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟ್‌ನಿಂದ ಎಂಜಿನ್, ಗಿಯರ್‌ಬಾಕ್ಸ್ ಬಿಚ್ಚಿಕೊಳ್ಳುವುದು, ಚೌಕಟ್ಟನ್ನು ತಾವೇ ವೆಲ್ಡ್ ಮಾಡುವುದು. ‘ಲೋಕಾಸ್ಟ್’ ಎಂದು ಹೆಸರಾದ ಈ ದಾರಿ ಅಗ್ಗವೂ ಹೌದು, ಅತಿ ಕಠಿಣವೂ ಹೌದು. ವೆಲ್ಡಿಂಗ್ ಕೆಟ್ಟರೆ ಪ್ರಾಣಕ್ಕೇ ಸಂಚಕಾರ.

ಭಾರತದಲ್ಲೂ ಇಂಥದೊಂದು ಪ್ರಯತ್ನ ನಡೆದಿದೆ. ಮಹಾರಾಷ್ಟ್ರದ ಅಲಿಬಾಗ್‌ನ ಚಿಂಕಾರಾ ಮೋಟರ್ಸ್ ಇದೇ ರೂಪದ ರೋಡ್‌ಸ್ಟರ್ ತಯಾರಿಸಿತು. ಅದಕ್ಕೆ ಬಳಸಿದ್ದು ಕಾಂಟೆಸಾ ಮತ್ತು ಅಂಬಾಸಿಡರ್ ಕಾರುಗಳಲ್ಲಿದ್ದ 1.8 ಲೀಟರಿನ ಇಸುಜು ಎಂಜಿನ್. ದೇಶದಲ್ಲೇ ಸಿಗುವ ಎಂಜಿನ್ ಆರಿಸಿಕೊಂಡದ್ದು ಜಾಣತನ. ಬಿಡಿಭಾಗ ಹತ್ತಿರ ಸಿಗದ ಕಾರು ಎಷ್ಟು ಚೆಂದವಿದ್ದರೇನು, ಕೊನೆಗೆ ಅಂಗಳದ ಗೊಂಬೆಯೇ.

ಅಡ್ಡಗಟ್ಟೆ ಇರುವುದು ಕಾನೂನಿನಲ್ಲಿ

ಯಾವ ಕಂಪನಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ: ಕಟ್ಟಿದ ಕಾರು ಓಡುವುದೆಲ್ಲಿ? ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿ ಕಟ್ಟಿದ ಒಂದೇ ಕಾರನ್ನೂ ಪರೀಕ್ಷಿಸಿ ರಸ್ತೆಗೆ ಬಿಡುವ ವ್ಯವಸ್ಥೆ ಇದೆ. ಭಾರತದಲ್ಲಿ ಅಷ್ಟು ಸುಲಭದ ದಾರಿಯಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ತಯಾರಕರು ತಮ್ಮ ಮಾದರಿಯನ್ನು ಪುಣೆಯ ಎ.ಆರ್.ಎ.ಐ.ನಂಥ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಡ್ಡಿ ಅನುಮೋದನೆ ಪಡೆಯಬೇಕು. ಒಂದೇ ಕಾರಿಗಾಗಿ ಅಷ್ಟು ಖರ್ಚು ಭರಿಸುವುದು ಸಾಮಾನ್ಯ ಕುಟುಂಬಕ್ಕೆ ಆಗದ ಮಾತು. ಹಳೆಯ ಕಾರಿನ ಮೈ ಬಿಚ್ಚಿ ಹೊಸ ರೂಪ ಕೊಡೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡ ಬರುತ್ತದೆ. ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಮಾರ್ಪಡಿಸಿದ ವಾಹನವನ್ನು ನೋಂದಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ನೋಂದಣಿ ಇಲ್ಲದ ಕಾರನ್ನು ಅಥಣಿ ರಸ್ತೆಗಿಳಿಸಿದರೆ ಅಪಘಾತದ ಹೊತ್ತಿಗೆ ವಿಮೆಯ ಆಸರೆಯೂ ಇರದು.

ಇನ್ನು 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಮಾಡಿಲ್ಲದ ಕಾರು, ಊರಿಗೊಂದರಂತೆ ಇರುವ ಸ್ಪೀಡ್ ಬ್ರೇಕರು, ಕಬ್ಬಿನ ಟ್ರೇಲರಿನ ಚಾಲಕನ ಕಣ್ಣಿಗೇ ಬೀಳದ ಗಿಡ್ಡ ಎತ್ತರ. ಇವೆಲ್ಲ ಸೇರಿದರೆ ಕನಸಿನ ಬಣ್ಣ ಮಾಸುವುದು ಖಂಡಿತ.

ಕನಸನ್ನು ಕೈಬಿಡಬೇಕಿಲ್ಲ

ಹಾಗೆಂದು ಮಕ್ಕಳ ಹುಮ್ಮಸ್ಸಿಗೆ ತಣ್ಣೀರು ಎರಚಬೇಕಾಗಿಲ್ಲ. ಕಾರು ಕಟ್ಟಲು ಕಾನೂನಿಗೆ ಒಪ್ಪುವ, ಕಲಿಕೆಗೂ ಒದಗುವ ದಾರಿ ಕಾಲೇಜಿನಲ್ಲೇ ಇದೆ. ಬಾಹಾ ಸ್ಪರ್ಧೆ ಭಾರತದಲ್ಲಿ 2007ರಿಂದ, ಸುಪ್ರಾ ಸ್ಪರ್ಧೆ 2011ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕಣಕ್ಕಿಳಿಸಿವೆ. ‘ಫಾರ್ಮುಲಾ ಭಾರತ್’ ಎಂಬುದು ಇನ್ನೊಂದು. ಇಲ್ಲಿ ವಿದ್ಯಾರ್ಥಿಗಳೇ ಕೊಳವೆ ಕತ್ತರಿಸಿ ಚೌಕಟ್ಟು ಕಟ್ಟುತ್ತಾರೆ. ಫಾರ್ಮುಲಾ ಮಾದರಿಯ ಸ್ಪರ್ಧೆಗಳಲ್ಲಿ ಮೋಟಾರ್‌ಸೈಕಲ್ಲಿನ ಎಂಜಿನ್ ಕೂರಿಸುವುದು ವಾಡಿಕೆ. ಪರಿಣತರು ತಪಾಸಣೆ ಮಾಡಿ ಒಪ್ಪಿದ ಮೇಲೆಯೇ, ಸಾರ್ವಜನಿಕ ರಸ್ತೆಯಲ್ಲಲ್ಲದೆ ಮುಚ್ಚಿದ ಅಂಕಣದಲ್ಲಿ ಕಾರು ಓಡುತ್ತದೆ. ವೇಗಕ್ಕಷ್ಟೇ ಅಲ್ಲ, ವಿನ್ಯಾಸಕ್ಕೂ ಖರ್ಚಿನ ಲೆಕ್ಕಕ್ಕೂ ಅಂಕಗಳುಂಟು. ಬೆಂಗಳೂರಿನ ಆರ್.ವಿ. ಕಾಲೇಜಿನ ‘ಅಶ್ವ ರೇಸಿಂಗ್’, ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದ ‘ವೇಗವತ್’ ತಂಡಗಳು ಈ ದಾರಿಯಲ್ಲಿ ನಡೆದವೇ.

ಆದ್ದರಿಂದ ಮಗ ಅಥವಾ ಮಗಳು ಕಿಟ್ ಕಾರಿನ ಚಿತ್ರ ಹಿಡಿದು ಬಂದಾಗ ಪಾಲಕರು ಗದರಬೇಕಿಲ್ಲ. ಬಿಡಿಭಾಗ ಎಲ್ಲಿ ಸಿಗುತ್ತದೆ, ತಪಾಸಣೆ ಮಾಡುವವರು ಯಾರು, ಓಡಿಸುವುದೆಲ್ಲಿ ಎಂಬ ಮೂರು ಪ್ರಶ್ನೆ ಕೇಳಿದರೆ ಸಾಕು. ಉತ್ತರ ಹುಡುಕುವ ವಿದ್ಯಾರ್ಥಿ ಅರ್ಧ ಎಂಜಿನಿಯರ್ ಆದಂತೆಯೇ. ಕಾಲೇಜು ಆರಿಸುವಾಗ ಅಲ್ಲಿ ಇಂಥ ತಂಡವಿದೆಯೇ, ವರ್ಕ್‌ಶಾಪಿನ ಬಾಗಿಲು ವಿದ್ಯಾರ್ಥಿಗಳಿಗೆ ಸಂಜೆಯೂ ತೆರೆದಿರುತ್ತದೆಯೇ ಎಂದು ವಿಚಾರಿಸುವುದು, ವಿದೇಶಿ ಕಿಟ್ಟಿನ ಬೆಲೆ ವಿಚಾರಿಸುವುದಕ್ಕಿಂತ ಹೆಚ್ಚು ಲಾಭದ ಕೆಲಸ.