ಕಯಾಕಿಂಗ್ ಗಟ್ಟಿಗರ ಆಟವೇ?

ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನ ನಡುವೆ, ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹಿನ್ನೀರಿನಲ್ಲಿ ಈಗ ಹುಟ್ಟು ಹಾಕಿ ನಡೆಸುವ ಕಿರುದೋಣಿಗಳಾದ ಕಯಾಕ್‌ಗಳು ಓಡಾಡುತ್ತವೆ. ಪ್ರವಾಸ ಹೋದವರಲ್ಲಿ ಹಲವರು ಮಾತ್ರ ‘ಇದು ನಮ್ಮಂಥವರಿಗಲ್ಲ’ ಎಂದು ದಡದಲ್ಲೇ ಉಳಿಯುತ್ತಾರೆ. ಅವರು ಕೊಡುವ ಕಾರಣಗಳನ್ನು ಒಮ್ಮೆ ಒರೆಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ: ತೋಳಿನಲ್ಲಿ ಕಸುವಿರಬೇಕು.
ಸತ್ಯ: ಎರಡೂ ತುದಿಗೆ ಅಲಗಿರುವ ಹುಟ್ಟಿಗೆ ಬಲ ಬರುವುದು ಮುಖ್ಯವಾಗಿ ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸುವುದರಿಂದ. ಬರೀ ತೋಳಿನಿಂದ ಎಳೆಯುವವರೇ ಬೇಗ ದಣಿಯುತ್ತಾರೆ. ಬೇರೆ ಜಲಕ್ರೀಡೆಗಳ ಜೊತೆ ಹೋಲಿಸಿ ನೋಡಿ. ಸರ್ಫಿಂಗ್‌ನಲ್ಲಿ ಅಲೆ ಎತ್ತಿದ ಕ್ಷಣಕ್ಕೆ ಹಲಗೆಯ ಮೇಲೆ ಎದ್ದು ನಿಲ್ಲಬೇಕು. ಹಾಯಿದೋಣಿಗೆ ಗಾಳಿಯ ಅರಿವು ಬೇಕು. ಸ್ಕೂಬಾಕ್ಕೆ ಸಿಲಿಂಡರ್, ತರಬೇತಿ ಎರಡೂ ಬೇಕು. ಕಯಾಕ್‌ನಲ್ಲಿ ಕೂತರಾಯಿತು, ನಿಂತ ನೀರಿನಲ್ಲಿ ಮುಂದೆ ಸಾಗುವುದು, ತಿರುಗುವುದು, ನಿಲ್ಲಿಸುವುದು ಹೆಚ್ಚಿನವರಿಗೆ ಮೊದಲ ದಿನವೇ ಕೈಗೆ ಹತ್ತುತ್ತದೆ.

ತಪ್ಪು ಕಲ್ಪನೆ: ಮಗುಚಿದರೆ ಒಳಗೇ ಸಿಕ್ಕಿಕೊಳ್ಳುತ್ತೇವೆ.
ಸತ್ಯ: ಸೊಂಟಕ್ಕೆ ಬಿಗಿಯಾಗಿ ಹೊದಿಕೆ ಕಟ್ಟಿಕೊಳ್ಳುವುದು ರಭಸದ ನದಿ ಮತ್ತು ಕಡಲಿನ ಕಯಾಕ್‌ಗಳಲ್ಲಿ. ಹೊಸಬರಿಗೆ ಹೆಚ್ಚಾಗಿ ಕೊಡುವುದು ಮೇಲೆಯೇ ಕೂರುವ, ಅಗಲವಾದ ಬಗೆಯದು. ಅದು ಸುಲಭಕ್ಕೆ ಮಗುಚದು. ಮಗುಚಿದರೂ ನೀವು ನೀರಿಗೆ ಬೀಳುತ್ತೀರಿ, ಒಳಗೆ ಸಿಕ್ಕಿಕೊಳ್ಳುವುದಿಲ್ಲ.

ತಪ್ಪು ಕಲ್ಪನೆ: ಅಂಗವಿಕಲರಿಗೆ ಇದು ಆಗದು.
ಸತ್ಯ: ಕಾಲಿನ ಮೇಲೆ ನಿಲ್ಲಬೇಕಾಗಿಲ್ಲದ ಕಾರಣ ಹಲವು ಜಲಕ್ರೀಡೆಗಳಿಗಿಂತ ಇದೇ ಅವರಿಗೆ ಹತ್ತಿರ. ಕಯಾಕ್ ಸ್ಪರ್ಧೆಗಳೂ ಇರುವ ಅಂಗವಿಕಲರ ಕ್ರೀಡೆ ಪ್ಯಾರಾ ಕೆನೋಯಿಂಗ್ 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲೇ ಸೇರಿತು. ಗ್ವಾಲಿಯರ್‌ನ ಪ್ರಾಚಿ ಯಾದವ್ 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಯಾಕ್ ಸ್ಪರ್ಧೆಯ ಚಿನ್ನ ಗೆದ್ದರು. ಬೆನ್ನಿಗೆ ಆಸರೆಯಿರುವ ಆಸನ, ಜೊತೆಗಾರರೊಬ್ಬರು ಕೂರುವ ಜೋಡಿ ಕಯಾಕ್ ಇದ್ದರೆ ವಿಹಾರಕ್ಕೂ ದಾರಿಯಾಗುತ್ತದೆ. ನಿಜವಾದ ತೊಡಕು ನೀರಿನಲ್ಲಿಲ್ಲ, ದಡದಲ್ಲಿದೆ: ಕೆಸರಿನ ಇಳಿಜಾರು, ಗಾಲಿಕುರ್ಚಿ ಇಳಿಯದ ಮೆಟ್ಟಿಲು.

ತಪ್ಪು ಕಲ್ಪನೆ: ಇಷ್ಟು ಸುಲಭವೆಂದ ಮೇಲೆ ಅಪಾಯವೂ ಇಲ್ಲ.
ಸತ್ಯ: ಇದು ಎಲ್ಲಕ್ಕಿಂತ ದುಬಾರಿ ತಪ್ಪು. ಈಜು ಬಾರದವರೂ ಮಾರ್ಗದರ್ಶಕರ ಜೊತೆ ಶಾಂತ ನೀರಿಗೆ ಇಳಿಯಬಹುದು, ಆದರೆ ಲೈಫ್ ಜಾಕೆಟ್ ಇಲ್ಲದೆ ಈಜುಗಾರರೂ ಇಳಿಯಬಾರದು. ಅಳಿವೆಯಲ್ಲಿ ಇಳಿತದ ಸೆಳೆತ ಕಯಾಕನ್ನು ಕಡಲಿನತ್ತ ಒಯ್ಯುತ್ತದೆ. ಕಾಳಿಯಂಥ ನದಿಯಲ್ಲಿ ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹರಿವು ಏಕಾಏಕಿ ಏರುತ್ತದೆ. ಮಳೆಗಾಲದ ಹೊಳೆಯಂತೂ ಹೊಸಬರಿಗಲ್ಲ.

ಕಯಾಕ್ ಹತ್ತುವ ಮುನ್ನ ಮೂರು ವಿಷಯ ಕೇಳಿ: ಜಾಕೆಟ್ ನಿಮ್ಮ ಅಳತೆಯದೇ, ಇಳಿತ ಎಷ್ಟು ಹೊತ್ತಿಗೆ, ಜೊತೆಗೆ ಬರುವವರು ಯಾರು? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಆ ದಿನ ದಡದಲ್ಲೇ ಇರಿ.